ಪ್ರಮಾಣಪತ್ರವೂ ಪ್ರಾವೀಣ್ಯವೂ

(ಆಕಾಶವಾಣಿಯ ಸೌಜನ್ಯದಿಂದ)

ಕಳೆದ ಶ್ರಾವಣದ ಒಂದು ಮಧ್ಯಾಹ್ನ. ಊಟ ಮುಗಿಸಿ ಎಲೆಯಡಿಕೆಯ ತಟ್ಟೆಯನ್ನು ಮುಂದಕ್ಕೆಳೆದುಕೊಂಡು ಕುಳಿತಿದ್ದೆ. ಆ ಹೊತ್ತಿಗೆ ಶಿವಮೊಗ್ಗದಿಂದ ನನ್ನ ತಂಗಿಯ ಮಗ ಬಂದ. ವಯಸ್ಸು ಮೂವತ್ತಾರು, ಬಿ.ಕಾಂ. ಮುಗಿಸಿ ಹನ್ನೆರಡು ವರ್ಷ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆದವನು. ಮಂಡಿಯ ಯಜಮಾನರು ತೀರಿಕೊಂಡರು, ಅವರ ಮಕ್ಕಳಿಗೆ ಆ ವ್ಯವಹಾರದಲ್ಲಿ ಮನಸ್ಸಿರಲಿಲ್ಲ, ಬಾಗಿಲು ಮುಚ್ಚಿತು. ಇವನು ಮನೆಯಲ್ಲಿ ಕುಳಿತು ನಾಲ್ಕು ತಿಂಗಳಾಗಿತ್ತು. ಬಂದವನು ಕಾಲು ತೊಳೆದುಕೊಳ್ಳುವುದಕ್ಕೂ ಮೊದಲೇ ಜೇಬಿನಿಂದ ಒಂದು ಬಣ್ಣದ ಕರಪತ್ರವನ್ನೂ ಕರವಸ್ತ್ರದ ಒಂದು ಗಂಟನ್ನೂ ತೆಗೆದು ನನ್ನ ಮುಂದಿಟ್ಟ.

ಕರಪತ್ರ ಬೆಂಗಳೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದ್ದು. ಆರು ತಿಂಗಳ ಶಿಕ್ಷಣ. ಅದರೊಳಗೆ ನೆಟ್‌ವರ್ಕ್, ಕ್ಲೌಡ್, ಸೈಬರ್ ಸುರಕ್ಷೆ, ಕೃತಕ ಬುದ್ಧಿಮತ್ತೆ ಎಲ್ಲವೂ ಅಡಕ. ‘ಅಂತರರಾಷ್ಟ್ರೀಯ ಮಟ್ಟದ ಪ್ರಮಾಣಪತ್ರ’. ‘ನೂರಕ್ಕೆ ನೂರು ಉದ್ಯೋಗ ಖಚಿತ’. ಶುಲ್ಕ 1,40,000 ರೂಪಾಯಿ. ಕರವಸ್ತ್ರದ ಗಂಟಿನಲ್ಲಿದ್ದುದು ನನ್ನ ತಂಗಿಯ ಎರಡು ಬಳೆ. ಅವಳ ಮದುವೆಯಲ್ಲಿ ನಮ್ಮ ತಾಯಿ ಮಾಡಿಸಿಕೊಟ್ಟ ಬಳೆಗಳು ಅವು. ಗುರುತಿಸಲು ನನಗೆ ಕನ್ನಡಕ ಬೇಕಾಗಲಿಲ್ಲ.

“ಮಾವ, ಈ ಸಂಜೆ ಆರು ಗಂಟೆಯೊಳಗೆ ಕಟ್ಟಿದರೆ ಇಪ್ಪತ್ತು ಸಾವಿರ ಕಡಿಮೆ ಮಾಡುತ್ತಾರಂತೆ. ಬಳೆ ಅಡವಿಟ್ಟು ಕಟ್ಟಿಬಿಡಲೆ? ಕಂಪ್ಯೂಟರಿನ ವಿಷಯ ನಿಮಗೆ ಗೊತ್ತು. ನೀವು ಹೂಂ ಎಂದರೆ ಸಾಕು” ಎಂದ.

ನಾನು ಹೂಂ ಎನ್ನಲಿಲ್ಲ. ಏಕೆ ಎನ್ನಲಿಲ್ಲ, ಅನಂತರ ನಾವಿಬ್ಬರೂ ಕುಳಿತು ಏನೇನು ವಿಚಾರ ಮಾಡಿದೆವು ಎಂಬುದೇ ಈ ಹೊತ್ತಿನ ನನ್ನ ಮಾತಿನ ವಸ್ತು. ಹಳೆಯ ಕಸುಬು ಕೈಬಿಟ್ಟು, ಹೊಸದೊಂದನ್ನು ಹಿಡಿಯಬೇಕಾಗಿ ಬಂದವರು ಇಂದು ಒಂದೊಂದು ಬೀದಿಯಲ್ಲೂ ಇದ್ದಾರೆ. ಅವರಲ್ಲಿ ಅನೇಕರ ಕಣ್ಣು ಕಂಪ್ಯೂಟರಿನ ಕಡೆಗಿದೆ. ಅವರ ಮನೆಗಳಲ್ಲಿಯೂ ಇಂಥ ಕರವಸ್ತ್ರದ ಗಂಟುಗಳು ಬಿಚ್ಚಿಕೊಳ್ಳುತ್ತಿರಬಹುದು.

ನನ್ನ ಹಿಂಜರಿಕೆಗೆ ಹಳೆಯ ಕಾರಣವೊಂದಿದೆ. 2001ರಲ್ಲಿ, ಸರ್ಕಾರೀ ಬ್ಯಾಂಕುಗಳು ಸ್ವಯಂನಿವೃತ್ತಿಯ ಯೋಜನೆಯನ್ನು ತಂದಾಗ, ನಲವತ್ತೈದನೆಯ ವಯಸ್ಸಿನಲ್ಲಿ ನಾನು ಬ್ಯಾಂಕಿನ ಕುರ್ಚಿಯಿಂದ ಎದ್ದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿಗೆ ಬಂದ ಮೇಲೆ ಕುಡಿಯೊಡೆದ ತಂತ್ರಾಂಶದ ಉದ್ಯಮ, 2000ದ ಇಸವಿಯ ತಾರೀಖಿನ ದೋಷವನ್ನು ತಿದ್ದುವ ಕೆಲಸದಿಂದ ಹುಲುಸಾಗಿ ಬೆಳೆದಿತ್ತು. ಕಂಪ್ಯೂಟರ್ ಕಲಿತವನಿಗೆ ಅಮೆರಿಕವೇ ಅಂಗಳ ಎಂದು ಜನ ನಂಬಿದ್ದರು. ಅಮೆರಿಕದ ನಾಸ್ಡಾಕ್ ಷೇರುಪೇಟೆ 2000ದ ಮಾರ್ಚಿಯಲ್ಲಿ ಶಿಖರ ಮುಟ್ಟಿ ಉರುಳತೊಡಗಿತ್ತೆಂಬ ಸಂಗತಿ ನಮ್ಮೂರಿನ ತರಬೇತಿ ಕೇಂದ್ರದ ಗೋಡೆಯ ಮೇಲೆ ಬರೆದಿರಲಿಲ್ಲ. ನಾನು 65,000 ರೂಪಾಯಿಗಳನ್ನು ಒಂದೇ ಕಂತಿನಲ್ಲಿ ಕಟ್ಟಿದೆ. ಮೂರನೆಯ ತಿಂಗಳು ಪಾಠ ಹೇಳುತ್ತಿದ್ದ ತರುಣ ಬೇರೆ ಕೆಲಸ ಸಿಕ್ಕಿತೆಂದು ಹೊರಟುಹೋದ. ಆರನೆಯ ತಿಂಗಳು ಒಂದು ಪ್ರಮಾಣಪತ್ರ ಕೊಟ್ಟರು. ಅಂಚಿಗೆ ಚಿನ್ನದ ಬಣ್ಣದ ಬಳ್ಳಿ, ಕೆಳಗೆ ಕೆಂಪು ಮುದ್ರೆ. ಏಳನೆಯ ತಿಂಗಳು ಬಾಗಿಲಿಗೆ ಬೀಗ ಬಿತ್ತು. ಆ ಪತ್ರವನ್ನು ಹಿಡಿದು ಒಂದು ಕಚೇರಿಯ ಸಂದರ್ಶನಕ್ಕೆ ಹೋದಾಗ ಅಲ್ಲಿನ ಅಧಿಕಾರಿ ಅದನ್ನು ಹಿಂದುಮುಂದು ತಿರುಗಿಸಿ ನೋಡಿ, “ಇದನ್ನು ಕೊಟ್ಟವರು ಯಾರು?” ಎಂದು ಕೇಳಿದರು. ಹೆಸರು ಹೇಳಿದೆ. “ಅದು ನಿಮಗೆ ಪಾಠ ಹೇಳಿದವರ ಹೆಸರು. ನಿಮ್ಮನ್ನು ಪರೀಕ್ಷೆ ಮಾಡಿದವರು ಯಾರು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಕೇಂದ್ರದ ಹೆಸರು ಈಗ ಬೇಡ. ಸತ್ತವರ ಮೇಲೆ ದೂರು ಹೇಳಬಾರದು. ಆದರೆ ಆ ಅಧಿಕಾರಿ ಕೇಳಿದ ಪ್ರಶ್ನೆಯಿದೆಯಲ್ಲ, ಅದು 65,000 ರೂಪಾಯಿಗೆ ನಾನು ಕೊಂಡುಕೊಂಡ ವಿದ್ಯೆ. ಅದನ್ನು ಈ ದಿನ ನಿಮಗೆ ಉಚಿತವಾಗಿ ಕೊಡುತ್ತಿದ್ದೇನೆ.

ಶ್ರೋತೃಗಳೆ, ಈ ವ್ಯವಹಾರದಲ್ಲಿ ಮೂವರಿದ್ದಾರೆ: ಕಲಿಸುವವರು, ಪರೀಕ್ಷಿಸುವವರು, ಕೆಲಸ ಕೊಡುವವರು. ಈ ಮೂವರೂ ಒಬ್ಬರೇ ಎಂಬ ಭ್ರಮೆಯನ್ನು ಹುಟ್ಟಿಸುವುದರಲ್ಲಿಯೇ ಕರಪತ್ರಗಳ ಚಾತುರ್ಯವೆಲ್ಲ ಅಡಗಿದೆ. ನಮಗೆಲ್ಲ ತಿಳಿದ ಒಂದು ದೃಷ್ಟಾಂತ ಕೊಡುತ್ತೇನೆ. ಎಸ್.ಎಸ್.ಎಲ್.ಸಿ. ನಪಾಸಾದವರನ್ನು ಸೇರಿಸಿಕೊಂಡು ಪಾಠ ಹೇಳುವ ಟ್ಯುಟೋರಿಯಲ್‌ಗಳನ್ನು ನೀವು ಕಂಡಿದ್ದೀರಿ. ಪಾಠ ಅವರದು, ಅಂಕಪಟ್ಟಿ ಮಾತ್ರ ಪರೀಕ್ಷಾ ಮಂಡಲಿಯದು. ಟ್ಯುಟೋರಿಯಲ್ಲಿನ ಪ್ರಾಂಶುಪಾಲರು ತಮ್ಮ ಸಹಿ ಹಾಕಿ ಒಂದು ಕಾಗದ ಕೊಟ್ಟರೆ ಅದು ಎಸ್.ಎಸ್.ಎಲ್.ಸಿ. ಆದೀತೆ? ಕಂಪ್ಯೂಟರಿನ ಲೋಕದಲ್ಲಿಯೂ ಹೀಗೆಯೇ. ಸಿಸ್ಕೋ, ಮೈಕ್ರೋಸಾಫ್ಟ್, ಅಮೆಜಾನ್, ರೆಡ್ ಹ್ಯಾಟ್ ಮೊದಲಾದ ಸಂಸ್ಥೆಗಳು ತಾವೇ ಪರೀಕ್ಷೆ ಏರ್ಪಡಿಸಿ ತಮ್ಮ ಹೆಸರಿನಲ್ಲಿ ಪ್ರಮಾಣಪತ್ರ ಕೊಡುತ್ತವೆ. ಅದು ನಿಜವೋ ಅಲ್ಲವೋ ಎಂಬುದನ್ನು ಕೆಲಸ ಕೊಡುವವರು ಅಂತರ್ಜಾಲದಲ್ಲಿ ಕೂಡಲೇ ತಾಳೆ ನೋಡಬಹುದು. ತರಬೇತಿ ಕೇಂದ್ರ ಕೊಡುವುದು ‘ಇವರು ನಮ್ಮಲ್ಲಿ ಬಂದು ಕುಳಿತಿದ್ದರು’ ಎಂಬುದಕ್ಕೆ ಸಾಕ್ಷಿ, ಅಷ್ಟೆ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ನೆಟ್‌ವರ್ಕಿನ ಆರಂಭದ ಪರೀಕ್ಷೆಯೆಂದು ಹೆಸರಾದ ಸಿಸ್ಕೋದ ಸಿ.ಸಿ.ಎನ್.ಎ. ಪರೀಕ್ಷೆಗೆ ಕುಳಿತುಕೊಳ್ಳಲು ಯಾವ ಕೇಂದ್ರಕ್ಕೂ ಸೇರಬೇಕೆಂಬ ನಿಯಮವಿಲ್ಲ. ಶುಲ್ಕ 300 ಡಾಲರು. ತೆರಿಗೆ ಸೇರಿ ನಮ್ಮ ಲೆಕ್ಕದಲ್ಲಿ ಕಾಲು ಲಕ್ಷ ದಾಟುತ್ತದೆ. ಅವಧಿ 120 ನಿಮಿಷ. ಮನೆಯಲ್ಲಿ ಓದಿಕೊಂಡವನೂ ಬರೆಯಬಹುದು, ಲಕ್ಷ ಕೊಟ್ಟು ಓದಿದವನೂ ಬರೆಯಬಹುದು. ಪ್ರಶ್ನೆಗಳಿಗೆ ಇಬ್ಬರ ಗುರುತೂ ಇಲ್ಲ. ಹಾಗಾದರೆ ತರಬೇತಿ ವ್ಯರ್ಥವೆ? ವ್ಯರ್ಥವಲ್ಲ. ಒಳ್ಳೆಯ ಗುರು ಆರು ತಿಂಗಳ ತೊಳಲಾಟವನ್ನು ಎರಡು ತಿಂಗಳಿಗೆ ಇಳಿಸಬಲ್ಲ. ಆದರೆ ನಾವು ಹಣ ಕೊಡುತ್ತಿರುವುದು ಆ ಗುರುವಿಗಾಗಿ, ಆ ಪತ್ರಕ್ಕಾಗಿಯಲ್ಲ ಎಂಬ ಅರಿವು ಇರಬೇಕು.

ಪರೀಕ್ಷೆಗಳಲ್ಲಿ ಬಗೆಗಳಿವೆ. ಕೆಲವು ಯಾವ ಒಂದು ಕಂಪನಿಯ ಸರಕಿಗೂ ಅಂಟಿಕೊಳ್ಳದೆ ಮೂಲಭೂತ ವಿಷಯವನ್ನೇ ಕೇಳುತ್ತವೆ. 1982ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕಾಂಪ್‌ಟಿಯಾ ಎಂಬ ಸಂಸ್ಥೆಯ ಪರೀಕ್ಷೆಗಳು ಈ ಜಾತಿಯವು. 1993ರಲ್ಲಿ ಆರಂಭವಾದ ಅದರ ‘ಎ ಪ್ಲಸ್’ ಪರೀಕ್ಷೆ ಎರಡು ಭಾಗಗಳಲ್ಲಿ ನಡೆಯುತ್ತದೆ. ಒಂದೊಂದಕ್ಕೂ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಕಂಪ್ಯೂಟರಿನ ಅಂಗಾಂಗಗಳು, ಮುದ್ರಣಯಂತ್ರ, ವೈಫೈ, ಕಾರ್ಯಾಚರಣ ವ್ಯವಸ್ಥೆ, ಕೆಟ್ಟದ್ದನ್ನು ಕಂಡುಹಿಡಿದು ಸರಿಪಡಿಸುವ ಕ್ರಮ, ಇವು ಅದರ ವಿಷಯ. ಎರಡನೆಯ ಬಗೆ, ಒಂದು ಕಂಪನಿಯ ಯಂತ್ರವನ್ನೋ ಸೇವೆಯನ್ನೋ ಕುರಿತದ್ದು. 1998ರಲ್ಲಿ ಬಂದ ಸಿ.ಸಿ.ಎನ್.ಎ., 2013ರಲ್ಲಿ ಅಮೆಜಾನಿನವರು ತಮ್ಮ ಕ್ಲೌಡ್ ಸೇವೆಗಾಗಿ ಆರಂಭಿಸಿದ ಪರೀಕ್ಷೆಗಳು, ಈ ಗುಂಪಿಗೆ ಸೇರಿದವು. ಇವುಗಳಲ್ಲಿ ನನಗೆ ವಿಶೇಷ ಗೌರವವಿರುವುದು ರೆಡ್ ಹ್ಯಾಟ್‌ನವರ ಪದ್ಧತಿಯ ಮೇಲೆ. ಅಲ್ಲಿ ಅ, ಆ, ಇ, ಈ ಎಂದು ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸೆನ್ನುವುದಿಲ್ಲ. ಲಿನಕ್ಸ್ ಯಂತ್ರದ ಮುಂದೆ ಕೂಡಿಸಿ, ‘ಇದನ್ನು ಮಾಡು’ ಎನ್ನುತ್ತಾರೆ. ಮಾಡಿದರೆ ಅಂಕ, 300ಕ್ಕೆ 210 ಬಂದರೆ ತೇರ್ಗಡೆ. ಅಡಿಗೆಯ ಪರೀಕ್ಷೆಯನ್ನು ಒಲೆಯ ಮುಂದೆ ಮಾಡುವಂತೆ.

ಮೂರನೆಯದು ನಮ್ಮ ದೇಶದ ಸಾರ್ವಜನಿಕ ಸಂಸ್ಥೆಗಳದು. ಥಳಕು ಕಡಿಮೆಯಾದ್ದರಿಂದ ಇವುಗಳ ಕಡೆಗೆ ನಮ್ಮ ಗಮನವೂ ಕಡಿಮೆ. ಹಿಂದೆ ಡೋಯಕ್ ಎಂದು ಹೆಸರಾಗಿದ್ದು 2011ರಲ್ಲಿ ನೈಲಿಟ್ ಎಂಬ ಹೆಸರು ಪಡೆದ ಕೇಂದ್ರ ಸರ್ಕಾರದ ಸಂಸ್ಥೆ ‘ಓ’, ‘ಎ’, ‘ಬಿ’ ಎಂಬ ಮಟ್ಟಗಳಲ್ಲಿ ಪರೀಕ್ಷೆ ನಡೆಸುತ್ತದೆ. 1988ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್, ಪ್ರವೇಶ ಪರೀಕ್ಷೆಯ ಮೂಲಕ ಮುಖ್ಯವಾಗಿ ಇಂಜಿನಿಯರಿಂಗ್ ಪದವೀಧರರನ್ನು ಆರಿಸಿ ಸುಮಾರು ಆರು ತಿಂಗಳ ಗಟ್ಟಿಯಾದ ಶಿಕ್ಷಣ ಕೊಡುತ್ತದೆ. ಐ.ಐ.ಟಿ.ಗಳೂ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಯೋಜನೆಯ ಪಾಠಗಳನ್ನಂತೂ ಯಾರು ಬೇಕಾದರೂ ಮನೆಯಲ್ಲಿ ಕುಳಿತು ಕೇಳಬಹುದು. ಪಾಠಕ್ಕೆ ಹಣವಿಲ್ಲ, ಪ್ರಮಾಣಪತ್ರ ಬೇಕೆಂದವರು ಮಾತ್ರ ಸಾವಿರ ರೂಪಾಯಿ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ವಾರವಾರದ ಅಭ್ಯಾಸಕ್ಕೆ 25, ಕೊನೆಯ ಪರೀಕ್ಷೆಗೆ 75 ಅಂಕ. ಲಕ್ಷ ರೂಪಾಯಿಯ ಕರಪತ್ರವನ್ನು ನೋಡುವ ಮೊದಲು ಈ ಸಾವಿರ ರೂಪಾಯಿಯ ಬಾಗಿಲನ್ನು ತಟ್ಟಿ ನೋಡುವುದು ವಿವೇಕ.

ಇನ್ನು ಪ್ರಮಾಣಪತ್ರದ ಆಯುಸ್ಸು. ನಮ್ಮ ಬಿ.ಎ., ಬಿ.ಕಾಂ. ಪದವಿಗಳು ಒಮ್ಮೆ ಬಂದರೆ ಚಿತೆಯವರೆಗೆ ನಮ್ಮವು. ಇವು ಹಾಗಲ್ಲ. ಎ ಪ್ಲಸ್, ಸಿ.ಸಿ.ಎನ್.ಎ. ಮತ್ತು ಅಮೆಜಾನಿನ ಪ್ರಮಾಣಪತ್ರಗಳಿಗೆ ಮೂರು ವರ್ಷ ಆಯುಸ್ಸು. ಮೈಕ್ರೋಸಾಫ್ಟಿನ ಅನೇಕ ಪ್ರಮಾಣಪತ್ರಗಳಿಗೆ ಒಂದೇ ವರ್ಷ, ಆದರೆ ಅವನ್ನು ಅಂತರ್ಜಾಲದಲ್ಲಿ ಹಣವಿಲ್ಲದೆ ನವೀಕರಿಸಿಕೊಳ್ಳಬಹುದು. ವ್ಯಕ್ತಿಯ ಪತ್ರ ಮುಪ್ಪಾಗುವುದು ಹಾಗಿರಲಿ, ಪರೀಕ್ಷೆಯೇ ಕಣ್ಮುಚ್ಚುವುದುಂಟು. ನಮ್ಮ ಕಾಲದಲ್ಲಿ ಎಂ.ಸಿ.ಎಸ್.ಇ. ಎಂದರೆ ಹುಡುಗರು ಹೆಸರಿನ ಮುಂದೆ ಬರೆದುಕೊಳ್ಳುತ್ತಿದ್ದರು. 2021ರ ಜನವರಿ 31ರಂದು ಮೈಕ್ರೋಸಾಫ್ಟಿನವರು ಅದರ ಪರೀಕ್ಷೆಗಳನ್ನು ನಿಲ್ಲಿಸಿಬಿಟ್ಟರು. ಎ ಪ್ಲಸ್‌ನ ಪಠ್ಯಕ್ಕೆ 2022ರಲ್ಲಿ 1101, 1102 ಎಂಬ ಸಂಖ್ಯೆಗಳಿದ್ದವು. 2025ರಲ್ಲಿ ಅವು ಹೋಗಿ 1201, 1202 ಬಂದವು. ಹಳೆಯ ಪುಸ್ತಕಗಳ ರಾಶಿಯಿರುವ ಕೇಂದ್ರ ಹಳೆಯದನ್ನೇ ಕಲಿಸುತ್ತಿದ್ದರೆ ಹೋದ ವರ್ಷದ ಪಂಚಾಂಗ ನೋಡಿ ಮುಹೂರ್ತ ಇಟ್ಟಂತಾಯಿತು. ಆದ್ದರಿಂದ ಯಾವ ಕೇಂದ್ರಕ್ಕೆ ಹೋದರೂ, “ನೀವು ಕಲಿಸುವ ಪಠ್ಯದ ಸಂಖ್ಯೆ ಯಾವುದು?” ಎಂದು ಕೇಳಬೇಕು. ಪರೀಕ್ಷೆ ನಡೆಸುವ ಸಂಸ್ಥೆಯೇ ವಿಷಯಗಳ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಇಂಜಿನಿಯರಿಂಗ್ ಪದವಿ ಬೇಡ.

ಇಷ್ಟನ್ನು ಹೇಳುವ ಹೊತ್ತಿಗೆ ನಮ್ಮ ಹುಡುಗನ ಮುಖ ಸಣ್ಣಗಾಗಿತ್ತು. “ಹಾಗಾದರೆ ಯಾವುದನ್ನು ಓದಲಿ, ಹೇಳಿ ಮಾವ” ಎಂದ. ಅದು ಎರಡನೆಯ ಪ್ರಶ್ನೆ. ಯಾವ ಕೆಲಸ ಮಾಡಬಲ್ಲೆ ಎಂಬುದು ಮೊದಲನೆಯದು. ದಾರಿಯನ್ನು ಆರಿಸಿಕೊಂಡ ಮೇಲೆ ಊರನ್ನು ಆರಿಸಿಕೊಳ್ಳುವವರುಂಟೆ?

ಒಂದು ಲೆಕ್ಕದ ಪುಸ್ತಕ ತರಿಸಿದೆ. ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಈಗ ಕರೆದಿರುವ ಇಂಥ ಕೆಲಸಗಳ ಇಪ್ಪತ್ತು ಜಾಹೀರಾತುಗಳನ್ನು ಅವನ ಫೋನಿನಲ್ಲೇ ಹುಡುಕಿಸಿದೆ. ಮಂಡಿಯಲ್ಲಿ ಜಮಾ-ಖರ್ಚು ಬರೆಯುವವನಿಗೆ ಕಲಿಸಬೇಕೆ? ಎಡಗಡೆ ಕೆಲಸದ ಹೆಸರು, ಬಲಗಡೆ ಅವರು ಕೇಳುವ ವಿದ್ಯೆ, ಅನುಭವ, ಸಂಬಳ. ಒಂದು ಗಂಟೆಯಲ್ಲಿ ಪುಟ ತುಂಬಿತು. ಪುಟ ತಾನೇ ಮಾತಾಡಿತು. ಅವನು ಆಸೆಪಟ್ಟಿದ್ದ ಸೈಬರ್ ಸುರಕ್ಷೆಯ ಕೆಲಸಗಳಲ್ಲಿ ಹೆಚ್ಚಿನವು ಮೊದಲೇ ಎರಡು ಮೂರು ವರ್ಷ ನೆಟ್‌ವರ್ಕ್ ನೋಡಿಕೊಂಡ ಅನುಭವ ಕೇಳುತ್ತಿದ್ದವು. ಕಾಂಪ್‌ಟಿಯಾದವರು ಸಹ ತಮ್ಮ ‘ಸೆಕ್ಯುರಿಟಿ ಪ್ಲಸ್’ ಪರೀಕ್ಷೆಗೆ ಬರುವವರಿಗೆ ಸುಮಾರು ಎರಡು ವರ್ಷದ ಅನುಭವವಿದ್ದರೆ ಒಳಿತೆಂದು ಸೂಚಿಸುತ್ತಾರೆ. ಮನೆಯ ಬಾಗಿಲು ಕಿಟಕಿ ಎಲ್ಲೆಲ್ಲಿವೆ ಎಂದೇ ತಿಳಿಯದವನು ಕಾವಲು ಕಾಯುವುದು ಹೇಗೆ? ಹೊಸಬರನ್ನೂ ಸೇರಿಸಿಕೊಳ್ಳುವ ಕೆಲಸಗಳು ಬೇರೆ: ಕಚೇರಿಗಳಲ್ಲಿ ಕಂಪ್ಯೂಟರ್ ಕೆಟ್ಟಾಗ ನೆರವಿಗೆ ಬರುವುದು, ನೆಟ್‌ವರ್ಕ್ ಹಾಕುವುದು, ಲೆಕ್ಕಪತ್ರದ ತಂತ್ರಾಂಶವನ್ನು ವರ್ತಕರಿಗೆ ಅಳವಡಿಸಿಕೊಟ್ಟು ತಿಳಿಸಿಕೊಡುವುದು.

“ಮಂಡಿಯಲ್ಲಿ ಕಂಪ್ಯೂಟರ್ ಕೆಟ್ಟರೆ ಯಾರು ನೋಡುತ್ತಿದ್ದರು?” ಎಂದು ಕೇಳಿದೆ.

“ನಾನೇ. ಪ್ರಿಂಟರ್, ಬಿಲ್ಲಿಂಗ್, ಬ್ಯಾಕಪ್, ಎಲ್ಲ ನಾನೇ. ಅದೇನು ದೊಡ್ಡದು?”

ನೋಡಿ, ಹನ್ನೆರಡು ವರ್ಷದ ಬಂಡವಾಳವನ್ನು ‘ಅದೇನು ದೊಡ್ಡದು’ ಎಂದು ಬದಿಗಿಟ್ಟು, ಸೊನ್ನೆಯಿಂದ ಆರಂಭಿಸಲು ತಾಯಿಯ ಬಳೆ ತಂದಿದ್ದ! ಹೊಸ ಕಸುಬಿಗೆ ಹೊರಟವರು ಮೊದಲು ಮಾಡಬೇಕಾದದ್ದು ಹಳೆಯ ಕಸುಬಿನ ಜಪ್ತಿ ಪಟ್ಟಿ. ಲೆಕ್ಕ ಬಲ್ಲವನು ಲೆಕ್ಕದ ತಂತ್ರಾಂಶಕ್ಕೆ ಹತ್ತಿರ; ಆಸ್ಪತ್ರೆಯಲ್ಲಿ ದುಡಿದವರು ಆಸ್ಪತ್ರೆಯ ದಾಖಲೆಗಳ ವ್ಯವಸ್ಥೆಗೆ ಹತ್ತಿರ; ಮೇಷ್ಟರಾಗಿದ್ದವರು ಬಳಕೆದಾರರಿಗೆ ಕಲಿಸುವ ಕೆಲಸಕ್ಕೆ ಹತ್ತಿರ. ಕಂಪ್ಯೂಟರನ್ನಷ್ಟೇ ಬಲ್ಲ ಇಪ್ಪತ್ತೆರಡರ ಹುಡುಗರು ಬೇಕಾದಷ್ಟು ಮಂದಿ ಇದ್ದಾರೆ. ಕಂಪ್ಯೂಟರಿನ ಜೊತೆಗೆ ರಾಶಿ ಯಾವುದು, ಬೆಟ್ಟೆ ಯಾವುದು ಎಂದು ಬಲ್ಲವರು ಎಷ್ಟು ಮಂದಿ?

ಅಡಿಕೆಯ ಮಾತು ಬಂದದ್ದರಿಂದ ಕೇಂದ್ರವನ್ನು ಪರೀಕ್ಷಿಸುವ ರೀತಿಯೂ ಸುಲಭವಾಯಿತು. ಅಡಿಕೆ ವ್ಯಾಪಾರದಲ್ಲಿ ಚೀಲದ ಬಾಯನ್ನು ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ. ಬಾಯಲ್ಲಿ ಬೆಟ್ಟೆ ಹರಡಿ ತಳದಲ್ಲಿ ಗೊರಬಲು ತುಂಬಿರಬಹುದು. ತಳದವರೆಗೆ ಕೈಹಾಕಿ ಒಂದು ಹಿಡಿ ತೆಗೆದು ನೋಡಬೇಕು. ಹಾಗೆ ಕೈಹಾಕಲು ಕೆಲವು ಪ್ರಶ್ನೆಗಳಿವೆ. ಹಣ ಕಟ್ಟುವ ಮೊದಲು ಒಂದು ದಿನದ ಪಾಠದಲ್ಲಿ ಕುಳಿತುಕೊಳ್ಳಲು ಬಿಡುತ್ತೀರಾ? ಪಾಠ ಹೇಳುವವರು ಯಾರು, ಆ ಪರೀಕ್ಷೆಯನ್ನು ಅವರು ಪಾಸು ಮಾಡಿದ್ದಾರೆಯೆ, ಆ ಕೆಲಸವನ್ನು ಎಂದಾದರೂ ಮಾಡಿದ್ದಾರೆಯೆ? ಪ್ರಯೋಗಕ್ಕೆ ವಾರಕ್ಕೆಷ್ಟು ಗಂಟೆ, ಒಂದು ಯಂತ್ರಕ್ಕೆ ಎಷ್ಟು ಜನ? ನೀವು ಹೇಳುವ ಶುಲ್ಕದಲ್ಲಿ ಪರೀಕ್ಷೆಯ ಶುಲ್ಕ ಸೇರಿದೆಯೆ? ಶೇಕಡ 18ರ ಸರಕು ಮತ್ತು ಸೇವಾ ತೆರಿಗೆ ಸೇರಿದೆಯೆ? ನಪಾಸಾದರೆ ಎರಡನೆಯ ಸಲದ ಖರ್ಚು ಯಾರದು? ನಡುವೆ ಬಿಟ್ಟರೆ ಹಣ ಹಿಂದಕ್ಕೆ ಬರುವ ನಿಯಮವೇನು, ಅದು ಬರಹದಲ್ಲಿದೆಯೆ? ಕಳೆದ ಸಲ ಕಲಿತವರಲ್ಲಿ ಇಬ್ಬರನ್ನು, ನೀವು ಆರಿಸಿದವರಲ್ಲ, ಪಟ್ಟಿಯಿಂದ ನಾನು ಆರಿಸಿದವರನ್ನು, ಮಾತಾಡಿಸಬಹುದೆ? ಒಳ್ಳೆಯ ಕೇಂದ್ರಗಳು ಇವಕ್ಕೆ ಬೇಸರಪಡುವುದಿಲ್ಲ. ಅಂಥವು ನಮ್ಮಲ್ಲಿ ಇವೆ. ಮುಖ ಸಿಂಡರಿಸುವ ಕಡೆಯಿಂದ ಎದ್ದು ಬರಬೇಕು. ಮತ್ತೊಂದು ಮಾತು: ಮೂಲ ಅಂಕಪಟ್ಟಿಗಳನ್ನು ಒತ್ತೆಯಾಗಿ ಕೇಳುವವರಿದ್ದಾರೆ. ಯಾವ ಕಾರಣಕ್ಕೂ ಕೊಡಬಾರದು.

ಹಣವನ್ನು ಒಟ್ಟಿಗೆ ಕೊಡಲಾಗದವರಿಗೆ ‘ಸುಲಭ ಕಂತು’ ಎಂಬ ಆಮಿಷವಿದೆ. ಅಲ್ಲಿ ನಡೆಯುವುದು ಇಷ್ಟು: ಫೋನಿನಲ್ಲಿ ಹೆಬ್ಬೆಟ್ಟು ಒತ್ತಿದೊಡನೆ ಒಂದು ಸಾಲದ ಸಂಸ್ಥೆ ನಮ್ಮ ಹೆಸರಿನಲ್ಲಿ ಸಾಲ ಬರೆದುಕೊಂಡು ಇಡೀ ಹಣವನ್ನು ಕೇಂದ್ರಕ್ಕೆ ಕೊಡುತ್ತದೆ. ನಾಳೆ ಪಾಠ ನಿಂತರೂ, ಕೇಂದ್ರಕ್ಕೆ ಬೀಗ ಬಿದ್ದರೂ, ಸಾಲ ನಿಲ್ಲುವುದಿಲ್ಲ; ಕಂತು ತಪ್ಪಿದರೆ ಮುಂದೆ ಬ್ಯಾಂಕಿನಲ್ಲಿ ಸಾಲ ಹುಟ್ಟುವುದು ಕಷ್ಟ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ ಹೀಗೆ ಸಾಲ ಕೊಡುವವರು ಬಡ್ಡಿ ಮತ್ತು ಇತರ ವೆಚ್ಚಗಳೆಲ್ಲ ಸೇರಿದ ಮುಖ್ಯಾಂಶಗಳ ಪತ್ರವನ್ನು ಮೊದಲೇ ಕೊಡಬೇಕು. ಅದನ್ನು ಓದದೆ ಒತ್ತಬಾರದು.

‘ಉದ್ಯೋಗ ಖಚಿತ’ ಎಂಬ ಮಾತಿನ ಬಗ್ಗೆ ಕಾನೂನೇ ಮಾತಾಡಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್ 13ರಂದು ಕೋಚಿಂಗ್ ಕೇಂದ್ರಗಳ ಜಾಹೀರಾತುಗಳಿಗಾಗಿ ಮಾರ್ಗಸೂಚಿ ಹೊರಡಿಸಿ, ಖಚಿತ ಆಯ್ಕೆ, ಉದ್ಯೋಗದ ಭರವಸೆ ಮುಂತಾದ ಸುಳ್ಳು ಮಾತುಗಳನ್ನು ನಿಷೇಧಿಸಿದೆ. ಮೋಸಹೋದವರು 1915 ಎಂಬ ಗ್ರಾಹಕರ ಸಹಾಯವಾಣಿಗೆ ದೂರು ಹೇಳಬಹುದು. ದೂರು ಕೊಡಬೇಕಾದರೆ ಕರಪತ್ರ, ರಶೀದಿ, ಸಂದೇಶಗಳು ಕೈಯಲ್ಲಿರಬೇಕು. 2001ರಲ್ಲಿ ನಾನು ರಶೀದಿಯನ್ನು ಎಲ್ಲಿಟ್ಟೆನೋ ನನಗೇ ತಿಳಿಯದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಪರೀಕ್ಷೆಯ ಪ್ರಶ್ನೆಗಳನ್ನೇ ಕದ್ದು ತಂದು ಉತ್ತರಸಹಿತ ಮಾರುವವರಿದ್ದಾರೆ. ಬಾಯಿಪಾಠ ಮಾಡಿ ಪಾಸಾಗುವುದೂ ಉಂಟು. ಅದು ಗೊತ್ತಾದರೆ ಸಂಸ್ಥೆಯವರು ಪ್ರಮಾಣಪತ್ರವನ್ನು ರದ್ದುಮಾಡುತ್ತಾರೆ. ಗೊತ್ತಾಗದಿದ್ದರೆ ಇನ್ನೂ ಕಷ್ಟ: ಕೆಲಸದ ಮೊದಲನೆಯ ದಿನ ಕಚೇರಿಯ ನೆಟ್‌ವರ್ಕ್ ನಿಂತಾಗ, ಅ, ಆ, ಇ, ಈ ಎಂಬ ನಾಲ್ಕು ಉತ್ತರಗಳು ಎದುರಿಗಿರುವುದಿಲ್ಲ. ಇನ್ನು ಕೆಲವರು ಮಾಡದ ಕೆಲಸಕ್ಕೆ ಮೂರು ವರ್ಷದ ಅನುಭವಪತ್ರವನ್ನು ಸೃಷ್ಟಿಸಿಕೊಡುತ್ತೇವೆನ್ನುತ್ತಾರೆ. ದೊಡ್ಡ ಕಂಪನಿಗಳು ಹಿಂದಿನ ಕೆಲಸದ ವಿವರಗಳನ್ನು ತಾಳೆ ನೋಡುತ್ತವೆ. ಸಿಕ್ಕಿಬಿದ್ದವನ ಕೆಲಸ ಮಾತ್ರವಲ್ಲ, ಹೆಸರೂ ಹೋಗುತ್ತದೆ. ಹೆಸರಿನ ಮಾತು ಬಂತು. ಚಿಕ್ಕದಾದರೂ ನಮ್ಮವರನ್ನು ಕಾಡುವ ತೊಡಕೊಂದನ್ನು ಹೇಳಿಬಿಡುತ್ತೇನೆ. ಪರೀಕ್ಷೆಗೆ ನೋಂದಾಯಿಸಿದ ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಬೇಕು. ನಮ್ಮಲ್ಲಿ ಊರು, ತಂದೆ ಎಲ್ಲರೂ ಇನಿಷಿಯಲ್ಲಿನಲ್ಲಿ ಅಡಗಿರುವುದರಿಂದ, ಒಂದು ಕಡೆ ಚುಕ್ಕೆ, ಇನ್ನೊಂದು ಕಡೆ ಪೂರ್ತಿ ಹೆಸರು ಇದ್ದು, ಬಾಗಿಲಿನಿಂದಲೇ ಹಿಂದಿರುಗಬೇಕಾದ ಪ್ರಸಂಗ ಬಂದೀತು. ಮೊದಲೇ ಸರಿಮಾಡಿಕೊಳ್ಳಬೇಕು.

“ಈಗ ಎಲ್ಲವನ್ನೂ ಕೃತಕ ಬುದ್ಧಿಮತ್ತೆಯೇ ಮಾಡುತ್ತದಂತಲ್ಲ ಮಾವ, ಇದನ್ನೆಲ್ಲ ಕಲಿತು ಪ್ರಯೋಜನವುಂಟೆ?” ಎಂದು ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಕೇಳಿದ್ದಕ್ಕೆ ಪುಸ್ತಕದ ಉತ್ತರ ಹೇಳುವ ಕೆಲಸವನ್ನು ಯಂತ್ರ ಆಗಲೇ ಕಲಿತಿದೆ. ಬರಿಯ ಪ್ರಮಾಣಪತ್ರದ ಬೆಲೆ ಅದರಿಂದ ಇಳಿದೀತೇ ಹೊರತು ಏರಲಾರದು. ಆದರೆ ಗೋದಾಮಿನ ಮೂಲೆಯಲ್ಲಿ ಇಲಿ ಕಡಿದ ತಂತಿ ಯಾವುದು, ‘ಏನೂ ಮಾಡಿಲ್ಲ’ ಎನ್ನುವ ಗುಮಾಸ್ತ ನಿಜವಾಗಿ ಏನು ಮಾಡಿದ್ದಾನೆ, ಎಂಬುದನ್ನು ಅಲ್ಲಿಗೆ ಹೋಗಿ ನಿಂತವನೇ ಕಂಡುಹಿಡಿಯಬೇಕು. ಯಂತ್ರದ ನೆರವನ್ನು ಪಡೆಯಲೂ ಯಂತ್ರ ತಪ್ಪಿದಾಗ ತಪ್ಪಿತೆಂದು ಗುರುತಿಸಲೂ ಮೂಲವಿದ್ಯೆ ಬೇಕು.

ಆರು ಗಂಟೆಗೆ ಐದು ನಿಮಿಷವಿರುವಾಗ ಕೇಂದ್ರದಿಂದ ಫೋನು ಬಂತು. ಇನ್ನು ಎರಡೇ ಸ್ಥಾನ ಉಳಿದಿವೆಯೆಂದರು. ಹುಡುಗ ಪುಸ್ತಕ ನೋಡಿಕೊಂಡು ಮೂರು ಪ್ರಶ್ನೆ ಕೇಳಿದ. ಪ್ರಮಾಣಪತ್ರ ಯಾರದು? “ನಮ್ಮದೇ, ಅಂತರರಾಷ್ಟ್ರೀಯ ಮಟ್ಟದ್ದು.” ಪರೀಕ್ಷೆಯ ಶುಲ್ಕ? “ಅದು ಬೇರೆ.” ಉದ್ಯೋಗದ ಖಾತರಿಯನ್ನು ಬರೆದುಕೊಡುತ್ತೀರಾ? ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ, “ಉದ್ಯೋಗಕ್ಕೆ ನೆರವು ಕೊಡುತ್ತೇವೆ ಸರ್.” ಖಾತರಿ ಅಷ್ಟು ಹೊತ್ತಿಗೆ ನೆರವಾಗಿ ಇಳಿದಿತ್ತು. ಮರುದಿನ ಬೆಳಿಗ್ಗೆ ಮತ್ತೆ ಫೋನು: ರಿಯಾಯಿತಿಯನ್ನು ಭಾನುವಾರದವರೆಗೆ ಮುಂದೂಡಲಾಗಿದೆಯಂತೆ!

ಹುಡುಗ ಹಿಡಿದ ದಾರಿಯನ್ನು ಹೇಳಿ ಮುಗಿಸುತ್ತೇನೆ. ಮೊದಲ ಒಂದು ತಿಂಗಳು ಒಂದು ಪೈಸೆಯನ್ನೂ ಖರ್ಚು ಮಾಡಬಾರದೆಂದು ಗೊತ್ತುಮಾಡಿಕೊಂಡೆವು. ಸಿಸ್ಕೋ ಸಂಸ್ಥೆ 1997ರಿಂದ ನಡೆಸುತ್ತಿರುವ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಆರಂಭದ ಪಾಠಗಳು ಉಚಿತ. ನಿಜವಾದ ಯಂತ್ರಗಳಿಲ್ಲದೆಯೇ ನೆಟ್‌ವರ್ಕ್ ಕಟ್ಟಿ ನೋಡುವ ‘ಪ್ಯಾಕೆಟ್ ಟ್ರೇಸರ್’ ಎಂಬ ತಂತ್ರಾಂಶವೂ ಉಚಿತ. ನನ್ನ ಹಳೆಯ ಕಂಪ್ಯೂಟರನ್ನು ಕೊಟ್ಟು ಕಳಿಸಿದೆ. ದಿನಕ್ಕೆ ಎರಡು ಗಂಟೆ ಎಂದು ಕರಾರು. ಈ ತಿಂಗಳಿನಲ್ಲಿ ಬೇಸರ ಬಂದರೆ ನಷ್ಟವಿಲ್ಲ, ಬೇರೆ ದಾರಿ ನೋಡಬಹುದು. ಬೇಸರ ಬರದಿದ್ದರೆ ಮುಂದಿನ ಮಾತು. ಬೇಸರ ಬರಲಿಲ್ಲ. ಅಷ್ಟರಲ್ಲಿ ಶಿವಮೊಗ್ಗದಲ್ಲೇ, ವರ್ತಕರ ಅಂಗಡಿಗಳಿಗೆ ಲೆಕ್ಕದ ತಂತ್ರಾಂಶ ಹಾಕಿಕೊಟ್ಟು ಕಂಪ್ಯೂಟರ್ ನೋಡಿಕೊಳ್ಳುವ ಒಂದು ಸಣ್ಣ ಸಂಸ್ಥೆಯಲ್ಲಿ ಹದಿನಾಲ್ಕು ಸಾವಿರದ ಕೆಲಸ ಸಿಕ್ಕಿತು. ಮಂಡಿಯ ಸಂಬಳಕ್ಕಿಂತ ಕಡಿಮೆಯೇ. ಆದರೆ ಸಂಬಳ ಕೊಟ್ಟು ಕಲಿಸುವ ಶಾಲೆ ಅದು. ವಾರದ ಕೊನೆಯಲ್ಲಿ ಒಬ್ಬ ಮೇಷ್ಟರ ಹತ್ತಿರ ಪಾಠ; ಹದಿನೆಂಟು ಸಾವಿರ, ಎರಡು ಕಂತು. ಎಂಟೇ ಜನ ವಿದ್ಯಾರ್ಥಿಗಳು, ಕೈಗೊಂದು ಯಂತ್ರ. ಪರೀಕ್ಷೆಯ ಶುಲ್ಕವನ್ನು ಸಂಬಳದಲ್ಲಿ ಉಳಿಸುತ್ತಿದ್ದಾನೆ. ಪರೀಕ್ಷೆ ಬರುವ ತಿಂಗಳು. ಏನಾಗುವುದೋ ಹೇಳಲಾರೆ; ನಾನೂ ಆ ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾಗಿ, ಒಂದು ರಿಪೇರಿ ಅಂಗಡಿಯಲ್ಲಿ ಎಂಟು ತಿಂಗಳು ತಂತಿ ಎಳೆದ ಮೇಲೆ ಎರಡನೆಯ ಸಲ ಪಾಸಾದವನು. ಆಮೇಲೆ ಹದಿನಾಲ್ಕು ವರ್ಷ ಆ ವಿದ್ಯೆಯೇ ನನಗೆ ಅನ್ನ ಹಾಕಿತು.

ಆ ದಿನ ಹುಡುಗ ಕರವಸ್ತ್ರದ ಗಂಟನ್ನು ಹಾಗೆಯೇ ಜೇಬಿಗೆ ಹಾಕಿಕೊಂಡು ಹೋದ. ಮುಂದಿನ ತಿಂಗಳು ಗೌರಿಹಬ್ಬಕ್ಕೆ ತಂಗಿಗೆ ಬಾಗಿನ ಕೊಡಲು ಶಿವಮೊಗ್ಗಕ್ಕೆ ಹೋಗಿದ್ದೆ. ಮೊರವನ್ನು ತೆಗೆದುಕೊಳ್ಳಲು ಅವಳು ಎರಡು ಕೈಗಳನ್ನೂ ಚಾಚಿದಳು. ಬಳೆಗಳು ಕೈಯಲ್ಲಿದ್ದವು. ನಡೆದದ್ದೊಂದನ್ನೂ ಮಗ ಅವಳಿಗೆ ಪೂರ್ತಿ ಹೇಳಿರಲಿಲ್ಲವೆಂದು ತೋರುತ್ತದೆ. “ಅಣ್ಣ, ಇವನಿಗೇಕೋ ಬಳೆ ಬೇಡವಾಯಿತಂತೆ. ಓದಿಗೆ ದುಡ್ಡು ಸಾಲದೆ ಹೋದೀತೆ?” ಎಂದು ಕೇಳಿದಳು. ಒಳಗಿನ ಕೋಣೆಯಲ್ಲಿ ಹುಡುಗ ನನ್ನ ಹಳೆಯ ಕಂಪ್ಯೂಟರಿನ ಮುಂದೆ ಬೆನ್ನು ಬಾಗಿಸಿ ಕುಳಿತಿದ್ದ. “ಸಾಲುತ್ತದೆ” ಎಂದೆ.